ಮೊಣಕಾಲೆಂದು ತೋರಿಸಿದ ನೋವು

ಹರ್ನಿಯಾ ಆಪರೇಷನ್ ಆಯಿತು ಎಂದು ಹೇಳಿದರೆ ನಮ್ಮ ಕಡೆಯ ಹೆಂಗಸರು ಮೊದಲು ನನ್ನ ಗಂಡನ ಮುಖ ನೋಡುತ್ತಾರೆ. "ಈಗ ಹ್ಯಾಂಗ ಇದ್ದೀರಿ ಸರ್?" ಎಂದು ಅವರನ್ನೇ ವಿಚಾರಿಸುತ್ತಾರೆ. ಅವರು ಪಾಪ, ನನ್ನ ಕಡೆ ಕೈ ತೋರಿಸುತ್ತಾರೆ. ಆಮೇಲೆ ಬರುವ ಪ್ರಶ್ನೆಯೂ ನನಗೆ ಬಾಯಿಪಾಠವಾಗಿಬಿಟ್ಟಿದೆ. "ಹೆಣ್ಮಕ್ಕಳಿಗೂ ಬರ್ತದೇನ್ರಿ ಅದು?"

ಬರುತ್ತದೆ. ನನಗೆ ಬಂತು. ಅದೂ ಹೊರಗೆ ಗಂಟಾಗಿ ಕಾಣುವ, ಕೆಮ್ಮಿದರೆ ಉಬ್ಬುವ, ಎಲ್ಲರೂ ಕೇಳಿರುವ ಬಗೆಯದಲ್ಲ. ಸೊಂಟದ ಎಲುಬಿನಲ್ಲಿ, ತೊಡೆಯ ಸಂದಿನ ಆಳದಲ್ಲಿ, ಪ್ರತಿಯೊಬ್ಬರಿಗೂ ಒಂದು ಕಿಂಡಿ ಇರುತ್ತದಂತೆ. ನನ್ನ ಕರುಳಿನ ಒಂದು ತುಣುಕು ಆ ಕಿಂಡಿಯೊಳಗೆ ತೂರಿಕೊಂಡು ಕೂತಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಮುಟ್ಟಿದರೆ ಏನೂ ಕೈಗೆ ಸಿಗುವುದಿಲ್ಲ. ಆಪರೇಷನ್ ಮಾಡಿದ ಡಾಕ್ಟರಮ್ಮ ಇಂಥದ್ದನ್ನು ತಾವು ನೋಡಿದ್ದೇ ಬಹಳ ಕಡಿಮೆ ಎಂದರು. ನಾನು ಜೀವನದಲ್ಲಿ ಬೇರೆ ಯಾವುದರಲ್ಲೂ ಅಪರೂಪದವಳು ಅನ್ನಿಸಿಕೊಂಡಿರಲಿಲ್ಲ, ಇದೊಂದರಲ್ಲಿ ಅನ್ನಿಸಿಕೊಂಡೆ.

ನನ್ನ ಹೆಸರು ಸುನಂದಾ. ಔರಾದ ಮತ್ತು ಸಂತಪುರದ ಸರ್ಕಾರಿ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗ ಬೀದರಿನಲ್ಲಿ, ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನನ್ನ ಗಂಡ ಮಾಣಿಕರಾವ್ ವಿದ್ಯುತ್ ಇಲಾಖೆಯಲ್ಲಿದ್ದವರು, ಅವರೂ ನಿವೃತ್ತರು. ಮಕ್ಕಳಲ್ಲಿ ಹಿರಿಯವನು ಪ್ರಶಾಂತ ಇಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ನಮ್ಮ ಜೊತೆಗೇ ಇದ್ದಾನೆ. ಇಬ್ಬರು ಹೆಣ್ಣುಮಕ್ಕಳು ಅವರವರ ಸಂಸಾರದಲ್ಲಿ ಸುಖವಾಗಿದ್ದಾರೆ. ನನ್ನ ಅಕ್ಕ ಕಮಲಾ ಭಾಲ್ಕಿಯಲ್ಲಿದ್ದಾಳೆ. ಈ ಕಥೆಯಲ್ಲಿ ಬರುವವರು ಹೆಚ್ಚುಕಡಿಮೆ ಇಷ್ಟೇ ಜನ.

ಇದೆಲ್ಲ ಶುರುವಾಗುವ ಮೊದಲು ಒಂದು ರಕ್ತ ಪರೀಕ್ಷೆಯಲ್ಲಿ ನನ್ನ ಸಕ್ಕರೆ ಗಡಿಯ ಮೇಲೆ ನಿಂತಿದೆ ಎಂದು ಬಂತು. ಸಿಹಿ ಸ್ವಲ್ಪ ಕಡಿಮೆ ಮಾಡಿ ಎಂದಷ್ಟೇ ಡಾಕ್ಟರು ಹೇಳಿದ್ದು. ಗಣಿತದ ಟೀಚರಿಗೆ ಕಡಿಮೆ ಮಾಡು ಎಂದರೆ ಸೊನ್ನೆಯ ತನಕ ಹೋಗದೆ ಸಮಾಧಾನವಿಲ್ಲ. ಅನ್ನ ಬಿಟ್ಟೆ, ಎಣ್ಣೆ ಬಿಟ್ಟೆ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಬಿಟ್ಟೆ. ಸಂಜೆ ಅರ್ಧ ಜೋಳದ ರೊಟ್ಟಿ, ಒಂದಿಷ್ಟು ಪಲ್ಲೆ. ಬೆಳಿಗ್ಗೆ ಕೋಟೆಯ ಕಡೆ ನಡಿಗೆ. ಮೊದಲೇ ತೆಳ್ಳಗಿದ್ದವಳು ಇನ್ನಷ್ಟು ಒಣಗಿದೆ, ರವಿಕೆಗಳನ್ನೆಲ್ಲ ಹೊಲಿಗೆ ಹಾಕಿಸಿ ಬಿಗಿ ಮಾಡಿಸಿಕೊಂಡೆ. ಹುಣ್ಣಿಮೆಗೆ ಬುದ್ಧ ವಿಹಾರಕ್ಕೆ ಹೋದಾಗ ನನ್ನ ವಯಸ್ಸಿನ ಹೆಂಗಸರು, "ಟೀಚರ್, ನೀವು ಕಾಲೇಜ ಹುಡುಗಿ ಆಗೀರಿ ನೋಡ್ರಿ," ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಆ ಹೊಟ್ಟೆಕಿಚ್ಚು ನನಗೆ ಊಟಕ್ಕಿಂತ ರುಚಿಸುತ್ತಿತ್ತು.

ಮೊದಲ ಸಲ ನೋವು ಬಂದದ್ದು ಔರಾದದಿಂದ ಬೀದರಿಗೆ ಬರುವ ಬಸ್ಸಿನಲ್ಲಿ. ಹಳೆಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಮುಗಿಸಿಕೊಂಡು ಬರುತ್ತಿದ್ದೆ. ಸಂತಪುರ ದಾಟಿದ ಮೇಲೆ ಬಲಗಾಲಿನ ತೊಡೆಯ ಒಳಬದಿಯಲ್ಲಿ ಯಾರೋ ಬಿಸಿ ತಂತಿ ಎಳೆದಂತಾಯಿತು. ಸಂದಿನಲ್ಲಿ ಹುಟ್ಟಿ, ಒಳತೊಡೆಯ ಗುಂಟ ಇಳಿದು, ಮೊಣಕಾಲಿಗೆ ಬಂದು ನಿಂತಿತು. ಕಾಲು ಚಾಚಿದರೆ ಜೀವ ಹೋಗುವಷ್ಟು, ಮಡಚಿ ಎದೆಗೆ ಒತ್ತಿಕೊಂಡರೆ ಅರ್ಧಕ್ಕರ್ಧ ಕಡಿಮೆ. ಸೀಟಿನ ಮೇಲೆ ಕಾಲು ಮಡಚಿ ಕೂತೆ. ಕಂಡಕ್ಟರ್ ಬಂದು, "ಮೇಡಮ್, ಕಾಲು ಕೆಳಗ ಬಿಡ್ರಿ, ಮಂದಿ ಕೂಡ್ಲಿಕ್ಕಿ ಜಾಗ ಇಲ್ಲ," ಎಂದ. ನಾನು ಅವನಿಗೆ, "ಮೊಳಕಾಲ್ ಬ್ಯಾನಿ ಅದಪಾ," ಎಂದೆ. ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು.

ಅದು ಸುಳ್ಳಲ್ಲ. ಮೊಣಕಾಲು ನೋಯುತ್ತಲೇ ಇತ್ತು. ಆದರೆ ಯಾಕೆ ಹಾಗೆ ಹೇಳಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಹೆಂಗಸಿನ ಮೈಗೆ ಒಂದು ನಕಾಶೆ ಇದೆ. ತಲೆ, ಹೊಟ್ಟೆ, ಸೊಂಟ, ಕೈ, ಮೊಣಕಾಲು, ಪಾದ, ಇಷ್ಟನ್ನು ಯಾರ ಮುಂದೆ ಬೇಕಾದರೂ ಹೆಸರು ಹಿಡಿದು ಹೇಳಬಹುದು. ಸೊಂಟ ಬಿಟ್ಟರೆ ಮುಂದಿನ ಸ್ಟಾಪು ಮೊಣಕಾಲೇ. ನಡುವೆ ಊರಿಲ್ಲ. ಅಲ್ಲೇನಾದರೂ ತೊಂದರೆಯಾದರೆ ಹತ್ತಿರದ ಮರ್ಯಾದಸ್ಥ ಜಾಗದ ಹೆಸರು ಹೇಳಿ ಮುಗಿಸುವುದು. ನನ್ನ ಅವ್ವ ಹಾಗೇ ಮಾಡಿದಳು, ಅಕ್ಕ ಹಾಗೇ ಮಾಡುತ್ತಾಳೆ. ಹುಡುಗಿಯರಿಗೆ ತ್ರಿಕೋನ, ವೃತ್ತ ಎಂದು ಗಟ್ಟಿಯಾಗಿ ಕೂಗಿ ಕಲಿಸಿದ ನಾನು ಮನೆಗೆ ಬಂದು ಗಂಡನಿಗೂ ಹೇಳಿದ್ದು ಮೊಣಕಾಲು ಎಂದೇ.

ಅವರು ಮರುದಿನವೇ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಂಥ ವಿಷಯದಲ್ಲಿ ನಮ್ಮವರು ಒಂದು ದಿನ ತಡಮಾಡುವವರಲ್ಲ. ಡಾಕ್ಟರ ಕೋಣೆಯ ಹೊರಗಿನ ಬೆಂಚುಗಳ ತುಂಬ ನನ್ನ ವಯಸ್ಸಿನ ಹೆಂಗಸರು ಮೊಣಕಾಲು ಹಿಡಿದುಕೊಂಡು ಕೂತಿದ್ದರು. ಒಬ್ಬರು ತಾವು ಹಚ್ಚುವ ಎಣ್ಣೆ ಯಾವುದೆಂದು ಹೇಳಿದರು, ಇನ್ನೊಬ್ಬರು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿರಿ ಎಂದರು. ನಾನೂ ಆ ಗುಂಪಿನಲ್ಲಿ ಸೇರಿ ಆರಾಮಾಗಿ ಮಾತಾಡಿದೆ. ಇಷ್ಟೊಂದು ಮಂದಿಗೆ ಇರುವ ಕಾಯಿಲೆ ಎಂದರೆ ದೊಡ್ಡದಲ್ಲ ಎನ್ನಿಸಿ ಧೈರ್ಯವೂ ಬಂತು.

ಒಳಗೆ ಹೋದ ಮೇಲೆ ಮಾತಾಡಿದ್ದು ನಮ್ಮವರು. ನಮ್ಮ ಕಡೆ ದವಾಖಾನೆಯಲ್ಲಿ ಹೆಂಡತಿಯ ಬೇನೆಯನ್ನು ಗಂಡ ಹೇಳುವುದು ರೂಢಿ. ಹೆಂಡತಿ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಾಳೆ. "ಬಲಗಾಲ್ ಮೊಳಕಾಲ್ ರೀ ಡಾಕ್ಟರ್. ಚಾಚಲಿಕ್ಕಿ ಬರಂಗಿಲ್ಲ," ಎಂದರು. ನಾನು ತಲೆಯಾಡಿಸಿದೆ. ಎಕ್ಸ್‌ರೇಯಲ್ಲಿ ಮೊಣಕಾಲು ಸವೆದಿರುವುದು ಕಾಣಿಸಿತು. ಅರವತ್ತು ದಾಟಿದ ಯಾರ ಮೊಣಕಾಲು ಸವೆದಿರುವುದಿಲ್ಲ? ಗುಳಿಗೆ ಕೊಟ್ಟರು, ಬಿಗಿಯಾದ ಪಟ್ಟಿ ಕೊಟ್ಟರು. ಆ ಡಾಕ್ಟರದು ಏನೂ ತಪ್ಪಿಲ್ಲ. ಅವರಿಗೆ ಮೊಣಕಾಲನ್ನಷ್ಟೇ ತಂದು ತೋರಿಸಿದ್ದೆವು, ಅವರು ಮೊಣಕಾಲಿಗೆ ಔಷಧ ಕೊಟ್ಟರು.

ಇದರ ನಡುವೆ ಹೊಟ್ಟೆಯದು ಬೇರೆಯೇ ಕಥೆ ನಡೆದಿತ್ತು. ಆಗಾಗ ಹೊಟ್ಟೆ ಉಬ್ಬುವುದು, ಹಿಂಡಿದಂತೆ ನೋಯುವುದು, ಒಮ್ಮೊಮ್ಮೆ ವಾಂತಿ. ಒಂದೆರಡು ದಿನ ಇದ್ದು ತಾನೇ ಹೋಗುತ್ತಿತ್ತು. ಭಾಲ್ಕಿಗೆ ಅಕ್ಕನ ಮನೆಗೆ ಹೋದಾಗ ಒಮ್ಮೆ ಹಾಗಾಯಿತು. ಅಕ್ಕ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ತೀರ್ಪು ಕೊಟ್ಟಳು.

"ಬಟ್ಟಿ ಸರ್ದದ ನೋಡು ಸುನಿ. ಇದಕ್ಕ ದವಾಖಾನಿ ಗುಳಿಗಿ ನಡಿಯಂಗಿಲ್ಲ."

ಬಟ್ಟಿ ಸರಿಯುವುದು ಎಂದರೆ ಹೊಕ್ಕುಳ ತನ್ನ ಜಾಗ ಬಿಟ್ಟು ಅತ್ತಿತ್ತ ಹೋಗುವುದು ಎಂದು ನಮ್ಮ ಕಡೆಯ ನಂಬಿಕೆ. ಭಾರ ಎತ್ತಿದರೆ, ಮೆಟ್ಟಿಲು ಜಾರಿದರೆ ಸರಿಯುತ್ತದೆ, ಎಣ್ಣೆ ಹಚ್ಚಿ ತಿಕ್ಕಿದರೆ ಮತ್ತೆ ಕೂಡುತ್ತದೆ. ಅಕ್ಕ ತಮ್ಮ ಓಣಿಯ ಸೋನಾಬಾಯಿಯನ್ನು ಕರೆಸಿದಳು. ಆಕೆ ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಎರಡೂ ಕಾಲು ಮಡಚಿ ಹೊಟ್ಟೆಗೆ ಒತ್ತಿ, ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಬೆಚ್ಚಗಿನ ಎಣ್ಣೆ ಹಚ್ಚಿ ಹೊಕ್ಕುಳದ ಸುತ್ತ ತಿಕ್ಕಿದಳು. ಒಳಗೆ ಏನೋ ಗುಳುಕ್ ಎಂದಿತು. ನೋವು ನಿಂತೇಹೋಯಿತು. ಅಕ್ಕ ನನ್ನ ಮುಖ ನೋಡಿ ಗೆದ್ದವಳಂತೆ ನಕ್ಕಳು. ನಾನು ಒಂದು ಲೋಟ ಮಜ್ಜಿಗೆ ಕುಡಿದು ನಿದ್ದೆ ಮಾಡಿದೆ.

ಮುಂದೆ ಡಾಕ್ಟರಮ್ಮ ಇದನ್ನು ಕೇಳಿ ಕಣ್ಣು ಅಗಲ ಮಾಡಿದರು. ಕಾಲು ಮಡಚಿದಾಗ ಕಿಂಡಿಯ ಬಿಗಿ ಸಡಿಲವಾಗಿ ಕರುಳು ತಾನಾಗಿಯೇ ಹಿಂದಕ್ಕೆ ಸರಿದಿತ್ತಂತೆ. ಹೆಸರು ಬಂದದ್ದು ಮಾತ್ರ ಎಣ್ಣೆಗೆ. ಹಾಗೆ ತಿಕ್ಕುವಾಗ ಕರುಳು ಹರಿಯದೆ ಉಳಿದದ್ದು ನನ್ನ ಅದೃಷ್ಟ ಎಂದರು. ಆದರೆ ಅವತ್ತು ನಮಗೆ ಅದೆಲ್ಲ ಏನು ಗೊತ್ತು? ಗುಣವಾದದ್ದು ಕಣ್ಣೆದುರೇ ಇತ್ತು. ಅವತ್ತಿನಿಂದ ಮೊಣಕಾಲು ಬೀದರಿನ ಡಾಕ್ಟರ ಪಾಲು, ಹೊಟ್ಟೆ ಭಾಲ್ಕಿಯ ಸೋನಾಬಾಯಿ ಪಾಲು ಎಂದಾಯಿತು. ಹೊಟ್ಟೆ ನೋಯುವ ದಿನಗಳಲ್ಲೇ ಮೊಣಕಾಲೂ ನೋಯುತ್ತಿತ್ತು ಎಂಬುದನ್ನು ನಾನು ಗಮನಿಸಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಗಮನಿಸಿದ್ದೆ. ವಯಸ್ಸಾದ ಮೇಲೆ ಕಷ್ಟಗಳೆಲ್ಲ ಕೂಡಿಯೇ ಬರುತ್ತವೆ ಎಂದುಕೊಂಡಿದ್ದೆ.

ಅಕ್ಕನ ಮೊಮ್ಮಗನ ನಾಮಕರಣಕ್ಕೆಂದು ಮತ್ತೆ ಭಾಲ್ಕಿಗೆ ಹೋದೆವು. ಈ ಸಲ ನಮ್ಮವರೂ ಬಂದಿದ್ದರು. ಬೆಳಿಗ್ಗೆ ಎದ್ದಾಗಲೇ ಕಾಲು ಚಾಚಲಾಗಲಿಲ್ಲ. ತೊಟ್ಟಿಲು ಕಟ್ಟುವ ಹೊತ್ತಿಗೆ ಹೊಟ್ಟೆ ಹಿಂಡತೊಡಗಿತು. ಹೆಂಗಸರು ಜೋಗುಳ ಹಾಡುತ್ತಿದ್ದರು, ನಾನು ಹಿತ್ತಲಲ್ಲಿ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದೆ. ಯಾರ ಸಂಭ್ರಮವನ್ನೂ ಕೆಡಿಸಬಾರದೆಂದು ಒಳಗಿನ ಕೋಣೆಯಲ್ಲಿ ಹೋಗಿ ಮುದುರಿ ಮಲಗಿದೆ. ಊಟ ಮುಗಿದ ಮೇಲೆ ಅಕ್ಕ ನನ್ನನ್ನು ಹುಡುಕಿಕೊಂಡು ಬಂದಳು, ಬಂದವಳೇ ಸೋನಾಬಾಯಿಗೆ ಹೇಳಿ ಕಳಿಸಿದಳು.

ಈ ಸಲ ಸೋನಾಬಾಯಿ ಕೈ ಇಟ್ಟ ಕೂಡಲೇ ನಾನು ಚೀರಿ ಅವಳ ಕೈ ತಳ್ಳಿದೆ. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಅಕ್ಕ, "ಜರಾ ತಡಕೋ, ಹೋದ್ ಸಲ ಹ್ಯಾಂಗ ಆರಾಮಾತು," ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಮತ್ತೆ ವಾಂತಿಯಾಯಿತು. ಅಕ್ಕನ ಹೊಸ ಇಳಕಲ್ ಸೀರೆಯ ಮೇಲೆಯೇ ಆಯಿತು. ವಾಂತಿ ಕಡುಹಸಿರಾಗಿತ್ತು, ಅದರ ವಾಸನೆಯೂ ಬೇರೆಯಿತ್ತು. ಅಕ್ಕ ಸೀರೆಯನ್ನೂ ನೋಡಿಕೊಳ್ಳಲಿಲ್ಲ. ಹೊರಗೆ ಓಡಿ ಅಂಗಳದಲ್ಲಿ ಕೂತಿದ್ದ ಗಂಡಸರ ಎದುರು ನಿಂತು, "ಗಾಡಿ ತಗೀರಿ. ಬೀದರಿಗಿ ಹೋಗೋದದ," ಎಂದಳು. ಭಾವ ಏನೋ ಕೇಳಲು ಬಾಯಿ ತೆರೆದರು. "ಮಾತು ದಾರಿಯಾಗ ಆಡ್ರಿ," ಎಂದಳು.

ಭಾಲ್ಕಿಯಿಂದ ಬೀದರಿನ ರಸ್ತೆಯನ್ನು ನಾನು ಅದೆಷ್ಟು ಸಲ ಓಡಾಡಿದ್ದೇನೋ. ಅವತ್ತು ಹಿಂದಿನ ಸೀಟಿನಲ್ಲಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಬಂದೆ. ಒಂದೊಂದು ತಗ್ಗು ಬಂದಾಗಲೂ ನಮ್ಮವರು ಮುಂದಿನ ಸೀಟಿನಿಂದ ಹಿಂತಿರುಗಿ ನೋಡುತ್ತಿದ್ದರು. ಅವರ ಮುಖದಲ್ಲಿ ಬಣ್ಣ ಇರಲಿಲ್ಲ. ನಾನು ಸತ್ತರೆ ಇವರು ಚಹಾ ಯಾರ ಹತ್ತಿರ ಕೇಳುತ್ತಾರೆ ಎಂಬ ಮಾತು ನನ್ನ ತಲೆಯಲ್ಲಿ ಬಂತು. ಅಂಥ ಹೊತ್ತಿನಲ್ಲಿ ಎಂಥ ಯೋಚನೆ ನೋಡಿ.

ದವಾಖಾನೆಯಲ್ಲಿ ಮೊದಲು ನೋಡಿದ ಸಣ್ಣ ಡಾಕ್ಟರು ಕರುಳು ಕಟ್ಟಿಕೊಂಡಂತಿದೆ ಎಂದರು. ಮೂಗಿನಿಂದ ನಳಿಕೆ ಇಳಿಸಿದರು. ಅದರಷ್ಟು ಅಸಹ್ಯದ ಸಂಗತಿ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ, ಆದರೆ ಇಳಿಸಿದ ಮೇಲೆ ಹೊಟ್ಟೆಯ ಬಿಗಿತ ಸ್ವಲ್ಪ ಸಡಿಲವಾದದ್ದೂ ನಿಜ. ಆಮೇಲೆ ಸರ್ಜನ್ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ನಮ್ಮ ಕಡೆಯದೇ ಮಾತು. ಹೊಟ್ಟೆ ಮುಟ್ಟಿ ನೋಡುವ ಬದಲು ಅವರು ಮಂಚದ ಕಾಲಿನ ಬಳಿ ನಿಂತು ನಾನು ಮಲಗಿದ್ದ ರೀತಿಯನ್ನು ನೋಡಿದರು.

"ಅಮ್ಮಾ, ಈ ಒಂದೇ ಕಾಲ್ ಯಾಕ ಮಡಚೀರಿ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಉತ್ತರ ಕೊಟ್ಟರು. "ಅದು ಬ್ಯಾರಿ ರೀ ಮೇಡಮ್. ಅವರಿಗಿ ಮೊಳಕಾಲ್ ತ್ರಾಸ ಅದ, ಅದರ ಗುಳಿಗಿ ಚಾಲೂ ಅದಾವ. ಈಗ ಬಂದದ್ದು ಹೊಟ್ಟಿ ಸಲುವಾಗಿ."

"ಸರ್, ನಾ ಅವರಿಗಿ ಕೇಳ್ಲಿಕತ್ತೀನಿ," ಎಂದರು ಡಾಕ್ಟರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕಡೆ ತಿರುಗಿ, "ಬ್ಯಾನಿ ಎಲ್ಲದ, ಬೆರಳಿಟ್ಟು ತೋರಸ್ರಿ," ಎಂದರು.

ನಾನು ರೂಢಿಯಂತೆ ಮೊಣಕಾಲಿನ ಮೇಲೆ ಬೆರಳಿಟ್ಟೆ.

"ಇಲ್ಲಿ ಬಂದು ಮುಗೀತದ. ಶುರು ಎಲ್ಲಿ ಆಗ್ತದ?"

ಮಂಚದ ಸುತ್ತ ನಮ್ಮವರಿದ್ದರು, ಭಾವ ಇದ್ದರು, ಆ ಸಣ್ಣ ಡಾಕ್ಟರಿದ್ದರು. ಹೊಟ್ಟೆಯೊಳಗೆ ಕರುಳು ಸಾಯುತ್ತಿತ್ತು, ನಾನು ಇನ್ನೂ ಯಾರ ಯಾರ ಮುಂದೆ ಏನೇನು ಹೇಳಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಡಾಕ್ಟರಮ್ಮನಿಗೆ ಅದು ಅರ್ಥವಾಯಿತು. "ಗಂಡಸರು ಜರಾ ಹೊರಗ ನಿಂದರ್ರಿ," ಎಂದು ಪರದೆ ಎಳೆದರು. ಆಗ ನಾನು ತೊಡೆಯ ಸಂದಿನಲ್ಲಿ ಬೆರಳಿಟ್ಟು, ಅಲ್ಲಿಂದ ಒಳಬದಿಗುಂಟ ಕೆಳಗೆ ಎಳೆದು ತೋರಿಸಿದೆ. ಅವರು ನನ್ನ ಕಾಲನ್ನು ಮೆಲ್ಲಗೆ ಹಿಡಿದು ಚಾಚಿಸಿ, ಹೊರಗಡೆಗೆ ಸರಿಸಿ, ಒಳಕ್ಕೆ ತಿರುವಿದರು. ನಾನು ಕೂಗಿದ ಕೂಗು ಪರದೆಯ ಆಚೆ ಮಾತ್ರವಲ್ಲ, ರಸ್ತೆಗೂ ಕೇಳಿಸಿರಬೇಕು. "ಸಾಕು ಸಾಕು," ಎಂದು ಕಾಲನ್ನು ಮತ್ತೆ ಮಡಚಿ ಕೊಟ್ಟರು. "ಹೊಟ್ಟಿದೂ ಕಾಲಿಂದೂ ಒಂದೇ ಬ್ಯಾನಿ ಇದು. ಸ್ಕ್ಯಾನ್ ಮಾಡಿ ನೋಡೋಣ್ರಿ."

ಸ್ಕ್ಯಾನಿನಲ್ಲಿ ಕಿಂಡಿಯೂ ಕಂಡಿತು, ಅದರಲ್ಲಿ ಸಿಕ್ಕ ಕರುಳೂ ಕಂಡಿತು. ಕೂಡಲೇ ಆಪರೇಷನ್ ಆಗಬೇಕೆಂದರು. ನಾನು ಕೇಳಿದೆ, "ಬದುಕ್ತೀನೇನ್ರಿ?" ಡಾಕ್ಟರಮ್ಮ ಹುಸಿ ಧೈರ್ಯ ಹೇಳಲಿಲ್ಲ. "ಈಗ ಬಂದೀರಿ, ಛಲೋ ಆತು. ನಾಳಿ ಬಂದಿದ್ರ ನಾ ಬ್ಯಾರಿ ಮಾತ ಆಡಬೇಕಾಗ್ತಿತ್ತು. ಕರುಳಿಗಿ ಜೀವ ಉಳದಿದ್ರ ಹಿಂದ ಎಳದು ಕಿಂಡಿ ಮುಚ್ಚತೀನಿ. ಸತ್ತಿದ್ರ ಅಷ್ಟು ಕತ್ತರಿಸಿ ಜೋಡಸ್ತೀನಿ. ಒಳಗ ನೋಡಿದ ಮ್ಯಾಲೇ ಹೇಳಲಿಕ್ಕಿ ಬರ್ತದ." ಆ ನೇರ ಮಾತು ನನಗೆ ಸೇರಿತು.

ಸೇರಿತು ಎಂದ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ. ಗಾಲಿಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗುವಾಗ ನನಗೆ ಸಾಯುವ ಭಯ ಬಂತು, ಬರಿಯ ಭಯ. ಎಲ್ಲವೂ ಅನಿತ್ಯ ಎಂದು ವಿಹಾರದಲ್ಲಿ ಕಣ್ಣು ಮುಚ್ಚಿ ಕೂತು ಎಷ್ಟು ಸಲ ಕೇಳಿದ್ದೆ. ಅವತ್ತು ಆ ಮಾತು ನೆನಪಿಗೇನೋ ಬಂತು, ಆದರೆ ನೆರವಿಗೆ ಬರಲಿಲ್ಲ. ಪ್ರಶಾಂತ ಕಾಲೇಜಿನಿಂದ ಹಾಗೇ ಓಡಿ ಬಂದಿದ್ದ, ಅವನ ಅಂಗಿಯ ಮೇಲೆ ಸೀಮೆಸುಣ್ಣದ ಪುಡಿ ಇತ್ತು. ಅವನ ಕೈ ಹಿಡಿದುಕೊಂಡೆ. ನಮ್ಮವರು ಬಾಗಿಲ ತನಕ ಬಂದು, "ನಾ ಇಲ್ಲೇ ಇರ್ತೀನಿ," ಎಂದರು. ಬಾಗಿಲು ಮುಚ್ಚಿಕೊಂಡ ಮೇಲೆ ನಾನು ಅತ್ತುಬಿಟ್ಟೆ. ಮಾಸ್ಕ್ ಹಾಕಿದ್ದ ನರ್ಸ್ ಒಬ್ಬಳು ಏನೂ ಕೇಳದೆ ನನ್ನ ಕಣ್ಣು ಒರೆಸಿದಳು. ಅವಳ ಮುಖ ನಾನು ಕೊನೆಗೂ ನೋಡಲಿಲ್ಲ.

ಎಚ್ಚರವಾದಾಗ ಮೊದಲು ಕಂಡದ್ದು ಅಕ್ಕ. ಬೇರೆ ಯಾರದೋ ಸೀರೆ ಉಟ್ಟಿದ್ದಳು. "ಕತ್ತರಸಲಿಲ್ಲಂತ ಸುನಿ, ಕತ್ತರಸಲಿಲ್ಲಂತ," ಎಂದು ಅದನ್ನೇ ಹೇಳುತ್ತಿದ್ದಳು. ಒಳಗೆ ಏನಾಯಿತು ಎಂದು ಡಾಕ್ಟರಮ್ಮ ಆಮೇಲೆ ವಿವರಿಸಿದರು. ಹೊರಗೆ ತೆಗೆದಾಗ ಕರುಳಿನ ಆ ತುಣುಕು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತಂತೆ. ಬಿಸಿ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಎಲ್ಲರೂ ಕೈ ಕಟ್ಟಿ ನಿಂತು ಕಾದರಂತೆ. ಬಟ್ಟೆ ಬಿಚ್ಚಿದಾಗ ಬಣ್ಣ ಸ್ವಲ್ಪ ತಿಳಿಯಾಗಿತ್ತು. ಮತ್ತೆ ಸುತ್ತಿದರು, ಮತ್ತೆ ಕಾದರು. ಕೊನೆಗೆ ನಸುಗೆಂಪಾಗಿ, ಮೆಲ್ಲಗೆ ಅಲುಗಾಡಿತಂತೆ. ನಾನು ಪ್ರಜ್ಞೆಯಿಲ್ಲದೆ ಮಲಗಿರುವಾಗ ನನ್ನ ಕರುಳಿನ ಸುತ್ತ ಅಷ್ಟು ಜನ ಕಾದು ನಿಂತಿದ್ದರೆಂಬುದನ್ನು ಇವತ್ತಿಗೂ ನೆನೆಯುತ್ತಿರುತ್ತೇನೆ.

ಮುಂದಿನ ದಿನಗಳು ಒಂದೇ ಪ್ರಶ್ನೆಯ ಸುತ್ತ ಕಳೆದವು. ಗಾಳಿ ಹೋಯಿತೇ? ಹೊಟ್ಟೆಯ ಆಪರೇಷನ್ ಆದವರಿಗೆ ಇದು ಗೊತ್ತಿರುತ್ತದೆ. ಗಾಳಿ ಹೋದರೆ ಕರುಳು ಕೆಲಸಕ್ಕೆ ಮರಳಿದೆ ಎಂದರ್ಥ. ಅಲ್ಲಿಯವರೆಗೆ ನೀರೂ ಇಲ್ಲ. ನರ್ಸ್ ಕೇಳುತ್ತಿದ್ದಳು, ಡಾಕ್ಟರು ಕೇಳುತ್ತಿದ್ದರು. ಪ್ರಶಾಂತ ಬಂದು ಕಿಟಕಿಯ ಕಡೆ ನೋಡುತ್ತ, "ಅವ್ವಾ, ಅದು ಆತೇನು?" ಎನ್ನುತ್ತಿದ್ದ. ಪಕ್ಕದ ಮಂಚದಲ್ಲಿ ಎಕಂಬಾದ ಒಬ್ಬ ಅಜ್ಜಿ ಇದ್ದಳು, ಪಿತ್ತಕೋಶದ ಕಲ್ಲು ತೆಗೆಸಿಕೊಂಡವಳು. ಆಕೆಗೆ ನಾಚಿಕೆ ಎಂಬುದೇ ಇರಲಿಲ್ಲ. "ನನಗ ನಿನ್ನೆನೇ ಹೋಯ್ತು ಟೀಚರ್, ನಿಮಗ ಯಾಕ ತಡಾ?" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ವಿಚಾರಿಸುತ್ತಿದ್ದಳು. ಮೊದಮೊದಲು ನಾನು ಮುಖ ತಿರುಗಿಸಿದೆ. ಆಮೇಲೆ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಾಗ ನಾಚಿಕೆಯೂ ಒಣಗಿಹೋಯಿತು.

ಅದು ಆದದ್ದು ಒಂದು ಬೆಳಿಗ್ಗೆ, ಎಲ್ಲರೂ ಎದುರಿಗಿದ್ದಾಗಲೇ, ಸಾಕಷ್ಟು ಸದ್ದಿನೊಂದಿಗೆ. ಎಕಂಬಾದ ಅಜ್ಜಿ ಚಪ್ಪಾಳೆ ತಟ್ಟಿದಳು. ನಮ್ಮವರು ಮೊಬೈಲು ತೆಗೆದು ಭಾಲ್ಕಿಗೆ ಫೋನು ಹಚ್ಚಿ, "ಹೋಯ್ತು ರೀ ಭಾವ, ಆರಾಮ ಹೋಯ್ತು," ಎಂದು ಮಗಳು ಪಾಸಾದ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. ನಾನು ಹೊಲಿಗೆ ಹಿಡಿದುಕೊಂಡು ನಕ್ಕೆ, ನಕ್ಕರೆ ನೋಯುತ್ತಿತ್ತು, ಆದರೂ ನಕ್ಕೆ. ಅವತ್ತು ಮಧ್ಯಾಹ್ನ ಚಮಚದಲ್ಲಿ ಕೊಟ್ಟ ನೀರಿನ ರುಚಿಯನ್ನು ಬೇರೆ ಯಾವ ಅಡಿಗೆಯಲ್ಲೂ ನಾನು ಕಂಡಿಲ್ಲ.

ಯಾಕೆ ಹೀಗಾಯಿತು ಎಂದು ಡಾಕ್ಟರಮ್ಮನನ್ನು ಕೇಳಿದ್ದೆ. ಆ ಕಿಂಡಿಯನ್ನು ಸಾಮಾನ್ಯವಾಗಿ ಕೊಬ್ಬು ತುಂಬಿಕೊಂಡು ಕಾಯುತ್ತಿರುತ್ತದಂತೆ. ನಾನು ಒಣಗಿಕೊಂಡಾಗ ಕಾವಲಿನವನೇ ಎದ್ದು ಹೋದ. ಅದರ ಮೇಲೆ ವಯಸ್ಸು, ಮೂರು ಹೆರಿಗೆ, ಊಟ ಬಿಟ್ಟಿದ್ದರಿಂದ ಬಂದ ಮಲಬದ್ಧತೆ, ಅದಕ್ಕಾಗಿ ತಿಣುಕಿದ್ದು. ಹೆಂಗಸರ ಸೊಂಟದ ಎಲುಬು ಅಗಲವಾಗಿರುವುದರಿಂದ, ಅದರಲ್ಲೂ ವಯಸ್ಸಾದ ತೆಳ್ಳಗಿನ ಹೆಂಗಸರಿಗೇ ಇದು ಹೆಚ್ಚು ಎಂದರು. ಎಡಬದಿಯ ಕಿಂಡಿಯೂ ಅಗಲವಾಗಿತ್ತಂತೆ, ಎರಡಕ್ಕೂ ಬಲೆಯಂಥ ಜಾಳಿಗೆ ಹಾಕಿ ಮುಚ್ಚಿದ್ದಾರೆ. ಈಗ ನಾನು ಅನ್ನವನ್ನೂ ಶೇಂಗಾ ಹಿಂಡಿಯನ್ನೂ ತಿನ್ನುತ್ತೇನೆ. ಸಕ್ಕರೆ ಅದೇ ಗಡಿಯ ಮೇಲೇ ನಿಂತಿದೆ, ಆಚೆ ದಾಟಿಲ್ಲ. ರವಿಕೆಗಳ ಹೊಲಿಗೆ ಬಿಚ್ಚಿಸಿದ್ದೇನೆ. ಮೊಣಕಾಲು ಈಗ ಮೊಣಕಾಲಿನಷ್ಟೇ ನೋಯುತ್ತದೆ.

ಅಕ್ಕ ತುಂಬ ದಿನ ನನ್ನೆದುರು ತಲೆ ಎತ್ತಿ ಮಾತಾಡಲಿಲ್ಲ. ತಾನೇ ತಿಕ್ಕಿಸಿ ತಿಕ್ಕಿಸಿ ನನ್ನನ್ನು ಸಾಯಿಸಿಬಿಡುತ್ತಿದ್ದೆ ಎಂದು ಅವಳಿಗೆ ಕೊರಗು. ಅವತ್ತು ಮೊಮ್ಮಗನ ನಾಮಕರಣ ಬಿಟ್ಟು ಗಾಡಿ ತೆಗೆಸಿದವಳೂ ಅವಳೇ ಎಂದು ನಾನು ಎಷ್ಟು ಹೇಳಿದರೂ ಅವಳ ತಲೆಗೆ ಹೋಗುವುದಿಲ್ಲ.

ಹೊಲಿಗೆ ಪೂರ್ತಿ ಮಾಗಿದ ಮೇಲೆ ಕೊನೆಯ ಸಲ ತೋರಿಸಲು ಹೋದೆವು. ಡಾಕ್ಟರಮ್ಮ ಹೊಟ್ಟೆ ನೋಡಿದರು, ಕಾಲು ಚಾಚಿಸಿ ತಿರುವಿ ನೋಡಿದರು. ಎಲ್ಲ ಸರಿಯಿತ್ತು. ಕುರ್ಚಿಗೆ ಮರಳಿ, "ಮತ್ತೇನರ ತ್ರಾಸ ಅದ ಏನು?" ಎಂದು ಕೇಳಿದರು. ನಮ್ಮವರು, "ಏನಿಲ್ರಿ ಮೇಡಮ್, ಈಗ ಎಲ್ಲಾ ಆರಾಮ್," ಎಂದು ಏಳಲು ಹೊರಟರು.

"ಇನ್ನೊಂದದ ರೀ," ಎಂದೆ ನಾನು.

ನಮ್ಮವರು ಎದ್ದವರು ಮತ್ತೆ ಕೂತರು. ಡಾಕ್ಟರಮ್ಮ, ಸರ್ ಹೊರಗೆ ಹೋಗಲೇ ಎಂಬಂತೆ ನನ್ನ ಮುಖ ನೋಡಿದರು. "ಇರ್ಲಿ ರೀ, ಅವರೂ ಕೇಳ್ಲಿ," ಎಂದೆ. ಆಮೇಲೆ ಹೇಳಿದೆ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಸೋರುತ್ತದೆ. ಬಸ್ಸು ಹತ್ತುವ ಮೊದಲು ನೀರು ಕುಡಿಯುವುದಿಲ್ಲ. ಶಾಲೆಯಲ್ಲಿ ಚೀಲದಲ್ಲಿ ಯಾವಾಗಲೂ ಒಂದು ಜೊತೆ ಬಟ್ಟೆ ಇಟ್ಟುಕೊಂಡಿರುತ್ತಿದ್ದೆ. ಮದುವೆ ಮನೆಗಳಲ್ಲಿ ಎಲ್ಲರ ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದುದೂ ಇದಕ್ಕೇ. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಲಿಲ್ಲ. ಡಾಕ್ಟರಮ್ಮ ತಲೆಯಾಡಿಸುತ್ತ ಕೇಳಿಸಿಕೊಂಡರು. ಇದಕ್ಕೆ ವ್ಯಾಯಾಮ ಇದೆ, ಚಿಕಿತ್ಸೆಯೂ ಇದೆ, ಬಹಳ ಹೆಂಗಸರಿಗೆ ಇರುತ್ತದೆ ಎಂದರು.

"ಯಾವಾಗಿಂದ ಅದ ಇದು?"

ಹಾಗೆ ಕೇಳಿದ್ದು ಡಾಕ್ಟರಮ್ಮ ಅಲ್ಲ, ನಮ್ಮವರು.

ನಾನು ಅವರ ಕಡೆ ತಿರುಗಿದೆ.

"ಪ್ರಶಾಂತ ಹುಟ್ಟಿದಾಗಿಂದ ರೀ," ಎಂದೆ.